ಕುರಿಗಳನ್ನು ಒಳಗೆ ಬಿಡುವ ತಿಂಗಳು

ನಮ್ಮ ದ್ವೀಪದ ಸುತ್ತ ಒಂದು ಗೋಡೆ,
ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು.
ಕುರಿಗಳು ಆಚೆ, ಕಡಲ ಕಡೆ,
ಉಬ್ಬರ ಇಳಿದಾಗ ಪಾಚಿ ಮೇಯುತ್ತವೆ.
ಹುಲ್ಲು ಈಚೆ.
ಒಳಗಿನವರು ಯಾರು, ಹೊರಗಿನವರು ಯಾರು ಎಂದರೆ
ಇಲ್ಲಿ ಮಾತು ಬರದ ಕೂಸೂ ಬೆರಳು ತೋರಿಸೀತು.

ನನ್ನ ಮೈಗೆ ಮಾತ್ರ ಅದು ಮರೆತಿದೆ.

ಅಬರ್ಡೀನಿನ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದರು:
ಮಿದುಳಿನಲ್ಲಿ ಬಿಳಿ ಚುಕ್ಕೆ, ಏಳು.
ಬೇಲಿಯೇ ಎದ್ದು ಹೊಲ ಮೇಯ್ದಿದೆ
ಏಳು ಕಡೆ.

ಯಾಕೆ ಎಂದೆ. ಒಂದೇ ಉತ್ತರ ಇರಲಿಲ್ಲ.
ಡಿಸೆಂಬರಿನಲ್ಲಿ ನಮ್ಮ ಸೂರ್ಯ
ಒಂಬತ್ತಕ್ಕೆ ಬಂದು ಮೂರೂಕಾಲಿಗೆ ಹೊರಡುವ ಗುಮಾಸ್ತ,
ಬಂದ ದಿನವೂ ಕೋಟು ಬಿಚ್ಚುವುದಿಲ್ಲ.
ಅದಿರಬಹುದು.
ಹದಿನೇಳರಲ್ಲಿ, ಕರ್ಕ್‌ವಾಲಿನ ಹಾಸ್ಟೆಲಿನಲ್ಲಿ,
ಗಂಟಲು ಊದಿ ಆರು ವಾರ ಮಲಗಿದ್ದೆ,
ಮುತ್ತಿನ ಜ್ವರ ಎಂದು ಗೆಳತಿಯರು ನಕ್ಕಿದ್ದರು.
ಬಿಟ್ಟುಬಿಟ್ಟ ಸಿಗರೇಟಿಗೂ ಲೆಕ್ಕವಿದೆಯಂತೆ,
ಹೆಣ್ಣಾಗಿದ್ದಕ್ಕೂ.
ಮತ್ತೆ ಸಿಬ್ಬಿ ಚಿಕ್ಕಮ್ಮ:
ಚರ್ಚಿನ ದಾರಿಯಲ್ಲಿ ತೂರಾಡುತ್ತಿದ್ದಳು,
ಕುಡಿದಿದ್ದಾಳೆ ಎಂದು ದ್ವೀಪ ತೀರ್ಪು ಕೊಟ್ಟಿತ್ತು.
ಅವಳು ಜೀವಮಾನದಲ್ಲಿ ಕುಡಿದದ್ದು ಚಹಾ.

ಇರಬಹುದು ಎಂಬ ಪದವನ್ನು ಡಾಕ್ಟರು
ಕುಂಟುಮರಿಯನ್ನು ಎತ್ತಿಕೊಂಡಂತೆ ಎತ್ತಿಕೊಂಡಿದ್ದರು.

ಮಗು? ಎಂದು ಕೇಳಿದ್ದು ಮ್ಯಾನ್ಸಿ.
ನಾನು ಕಿಟಕಿಯಾಚೆ ಕಾರು ಎಣಿಸುತ್ತಿದ್ದೆ.
ಆಗುತ್ತದೆ, ಯಾಕಾಗಬಾರದು, ಎಂದರು.
ಆದರೆ ಮೊದಲು ಈ ಮಾತ್ರೆ ನಿಲ್ಲಬೇಕು,
ಅದರ ನೆರಳೂ ರಕ್ತದಲ್ಲಿ ಉಳಿಯಬಾರದು.
ಹನ್ನೊಂದು ದಿನ ಮರಳಿನಂಥ ಪುಡಿ ಕಲಸಿ ಕುಡಿದೆ.
ಆಮೇಲೆ ಬಂತು ಆ ನಡುಗಾಲ,
ಮಾತ್ರೆಯೂ ಇಲ್ಲ, ಮಗುವೂ ಇಲ್ಲ,
ಗೋಡೆ ಬಿದ್ದ ರಾತ್ರಿಯ ಹಾಗೆ.

ಮುಟ್ಟಿಗೆ ಮೂರು ದಿನ ಮೊದಲು
ಎಡಗಾಲು ನನ್ನದಲ್ಲವಾಗುತ್ತಿತ್ತು.
ಕ್ಯಾಲೆಂಡರಿಗಿಂತ ಮುಂಚೆ ಅದಕ್ಕೇ ಗೊತ್ತು:
ಈ ಸಲವೂ ಇಲ್ಲ, ಮೆರನ್, ಈ ಸಲವೂ ಇಲ್ಲ.
ಮಲಗುವ ಮುನ್ನ ಚಮಚವನ್ನು ಅಂಗಾಲಿಗೊತ್ತಿ
ತಣ್ಣಗಿದೆಯೇ ಎಂದು ಕೇಳುವುದು
ಜಪವಾಯಿತು.

ಸೆಪ್ಟೆಂಬರಿನಲ್ಲಿ ಕಾಲು ಸುದ್ದಿ ತರಲಿಲ್ಲ.
ಅಕ್ಟೋಬರಿನಲ್ಲೂ.

ಈಸ್ಟ್ರಿಯಾಲ್ ಎಂದರು ನರ್ಸಮ್ಮ ಫೋನಿನಲ್ಲಿ,
ಬಸುರಿಯ ಮೈಯಲ್ಲಿ ಏರುವ ಹಾರ್ಮೋನು.
ದೋಣಿಗಿಡಬಹುದಾದ ಹೆಸರು, ಎಂದೆ.
ಅರ್ಧ ಪಾಲು ಪರರ ಜೀವವೊಂದು
ಒಳಗೆ ಬೆಳೆಯುವಾಗ ಕಾವಲಿನವರು
ಈಟಿ ಕೆಳಗಿಡಲು ಕಲಿಯುತ್ತಾರಂತೆ,
ಹಾಗೆ ಇಟ್ಟಾಗ ನನ್ನ ನರಗಳಿಗೂ ನಿದ್ದೆ.

ಮೇ ತಿಂಗಳಲ್ಲಿ ನಾವು ಬಾಗಿಲು ತೆಗೆಯುತ್ತೇವೆ,
ಈಯುವ ಕುರಿಗಳಿಗೆ ಮಾತ್ರ.
ಉಪ್ಪು ಮೆದ್ದ ಮೂತಿಗಳು ಹುಲ್ಲಿಗಿಳಿಯುತ್ತವೆ,
ಯಾರೂ ಗದರುವುದಿಲ್ಲ.
ಎಂಟು ತಿಂಗಳ ಹೊಟ್ಟೆ ಹೊತ್ತು ನಿಂತು ನೋಡಿದೆ.
ಹತ್ತು ವರ್ಷದಲ್ಲಿ ಅಷ್ಟು ನೆಟ್ಟಗೆ ನಿಂತಿರಲಿಲ್ಲ.
ಬಿದ್ದಿದ್ದ ಮೂರು ಕಲ್ಲು ಎತ್ತಿಟ್ಟೆ,
ಸಣ್ಣವು,
ಮ್ಯಾನ್ಸಿ ಬೈದ.

ಜೂನಿನಲ್ಲಿ ಮಗಳು.
ಆ ಇರುಳು ಕತ್ತಲಾಗಲೇ ಇಲ್ಲ.

ಹೆತ್ತ ಮೇಲಿನ ಮೂರು ತಿಂಗಳು ಹುಷಾರು,
ಎಂದಿದ್ದರು. ಏರಿದ್ದೆಲ್ಲ ಒಮ್ಮೆಗೇ ಇಳಿಯುತ್ತದೆ,
ಕಾವಲಿನವರು ಎಚ್ಚರಾಗುತ್ತಾರೆ.
ಈಗ ಆಗಸ್ಟ್.
ಇವತ್ತು ಕುರಿಗಳನ್ನು ಮತ್ತೆ ಕಡಲ ಕಡೆಗೆ ಅಟ್ಟುವ ದಿನ,
ಮರಿಗಳೂ ಜೊತೆಗೆ.
ಅವುಗಳ ಕೂಗು ಅಡುಗೆಮನೆಯವರೆಗೆ.

ಮಗಳು ಮೊಲೆಗೆ ಅಂಟಿಕೊಂಡೇ ನಿದ್ದೆಹೋದಳು.
ಚಮಚ ತೆಗೆದೆ.
ಬಲಗಾಲು: ತಣ್ಣಗಿದೆ.
ಎಡಗಾಲು: ತಣುಪೋ,
ತಣುಪಿನ ನೆನಪೋ.

ಮ್ಯಾನ್ಸಿ ಬಂದ, ಬೂಟಿನ ತುಂಬ ಕೆಸರು.
ಒಂದು ಕುರಿ ಹೊರಗೆ ಹೋಗಲೊಲ್ಲದು, ಎಂದ.
ಏನು ಮಾಡಿದೆ?
ನಾಳೆ ನೋಡೋಣ ಅಂತ ಬಿಟ್ಟು ಬಂದೆ.